ಕೈಗಂಟಿದ ಉಪ್ಪು

ಬಿಂದುಮಾಧವರಾಯರಿಗೆ ತಮ್ಮ ಕಣ್ಣಿನ ಮೇಲಿದ್ದ ಅಭಿಮಾನ ಇಷ್ಟಿಷ್ಟಲ್ಲ. ನಾಗಪುರದ ಸದರ್ ಬಡಾವಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಯಾವ ಲವಣವನ್ನೇ ಕೊಡಿ, ತಂತಿಯ ತುದಿಗೆ ಹಚ್ಚಿ ಬರ್ನರಿನ ಉರಿಗೆ ಹಿಡಿದರೆ ಅದರಲ್ಲೇನಿದೆ ಎಂದು ಪಟ್ಟನೆ ಹೇಳುತ್ತಿದ್ದರು. ಇಟ್ಟಿಗೆಯ ಕೆಂಪು ಬಂದರೆ ಕ್ಯಾಲ್ಸಿಯಂ, ಎಳೆ ಹಸಿರಾದರೆ ಬೇರಿಯಂ, ಉಜ್ವಲ ಹಳದಿಯಾದರೆ ಸೋಡಿಯಂ, ನಸುನೇರಳೆಯಾದರೆ ಪೊಟ್ಯಾಸಿಯಂ. ಅದಕ್ಕೆಂದೇ ಗಾಜಿನ ಹಿಡಿಯ ಒಂದು ಪ್ಲಾಟಿನಂ ತಂತಿಯನ್ನು ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದರು.

ಬಣ್ಣ ಯಾಕೆ ಬೇರೆಬೇರೆ ಎಂಬುದನ್ನು ಅವರಷ್ಟು ಚೆಂದ ಹೇಳುವವರೂ ಇರಲಿಲ್ಲ. ಕಾವು ತಾಗಿದಾಗ ಪರಮಾಣುವಿನೊಳಗಿನ ಎಲೆಕ್ಟ್ರಾನು ಒಂದು ಮೆಟ್ಟಿಲು ಮೇಲೆ ಹಾರುತ್ತದೆ. ಅಲ್ಲಿ ಅದಕ್ಕೆ ನಿಲ್ಲಲಾಗುವುದಿಲ್ಲ, ಮರಳಿ ಬೀಳುತ್ತದೆ. ಬೀಳುವಾಗ ಏರಿದಷ್ಟೇ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಒಂದೊಂದು ಧಾತುವಿನ ಮೆಟ್ಟಿಲಿನ ಎತ್ತರ ಒಂದೊಂದು, ಆದ್ದರಿಂದ ಬೆಳಕಿನ ಬಣ್ಣವೂ ಒಂದೊಂದು. ಇದನ್ನು ಹೇಳಿ ಮುಗಿಸಿ, ಸೋಡಿಯಂ ಮಾತ್ರ ಬಾಯಿಬಡುಕ, ಎಳ್ಳಷ್ಟಿದ್ದರೂ ಉಳಿದವರ ಬಣ್ಣ ಕಾಣಗೊಡುವುದಿಲ್ಲ ಎನ್ನುತ್ತಿದ್ದರು. ಹಳದಿಯನ್ನು ತಡೆಯುವ ನೀಲಿ ಗಾಜಿನಲ್ಲಿ ನೋಡಿದರೆ ಮಾತ್ರ ಪೊಟ್ಯಾಸಿಯಮ್ಮಿನ ನೇರಳೆ ಕಂಡೀತು ಎಂದೂ ಹೇಳುತ್ತಿದ್ದರು. ಹೇಳುವುದೇನೋ ಹೇಳುತ್ತಿದ್ದರು.

ಅವರಿಗೊಂದು ಅಂಜಿಕೆಯೂ ಇತ್ತು. ಎರಡು ವರ್ಷದ ಹಿಂದೆ ಕನ್ನಡದ ಹುಡುಗನೊಬ್ಬ ಪ್ರಾಕ್ಟಿಕಲ್ಲಿನಲ್ಲಿ ಮೊದಲು ಬಂದಾಗ, ಅಧ್ಯಾಪಕರ ಕೋಣೆಯಲ್ಲಿ ಯಾರೋ ನಗುತ್ತ, ‘ರಾವ್ ಸಾಹೇಬರ ಗಾಂವವಾಲಾ ಅಲ್ಲವೇ’ ಎಂದಿದ್ದರು. ತಮ್ಮ ಊರಿನವನೆಂದು ಅಂಕ ಕೊಟ್ಟರೆಂಬ ಆ ನಗು ರಾಯರ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಕನ್ನಡದ ಮಕ್ಕಳ ಮೇಲೆ ಒಂದು ಕೈ ಹೆಚ್ಚೇ ಕಟ್ಟುನಿಟ್ಟು. ಕಾಲೇಜಿನ ಗೇಟಿನೊಳಗೆ ಅವರ ಬಾಯಿಂದ ಕನ್ನಡ ಹೊರಡುತ್ತಿರಲಿಲ್ಲ.

೧೯೯೭ರ ಡಿಸೆಂಬರಿನಲ್ಲಿ ಪುಣೆಯ ಒಂದು ರಸಾಯನಶಾಸ್ತ್ರ ಸ್ಪರ್ಧೆಗೆ ಕಾಲೇಜಿನಿಂದ ಒಬ್ಬರನ್ನು ಕಳಿಸಬೇಕಾಯಿತು. ಆರಿಸುವ ಕೆಲಸ ರಾಯರದು. ಬಾಟಲಿಗಳಲ್ಲಿರುವ ಲವಣ ಯಾವುದೆಂದು ಮಕ್ಕಳು ಪರೀಕ್ಷಿಸಿ ಬರೆಯಬೇಕು. ಪ್ರಯೋಗಶಾಲೆಯ ಸಹಾಯಕ ಗೋವಿಂದ ಬಾಟಲಿಗಳಿಗೆ ಬರೀ ನಂಬರು ಹಚ್ಚಿ, ಯಾವುದರಲ್ಲಿ ಏನಿದೆ ಎಂಬ ಪಟ್ಟಿಯನ್ನು ಸಂಜೆಯವರೆಗೆ ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಹಾಗೆಂದು ಕಟ್ಟಪ್ಪಣೆ ಮಾಡಿದವರು ರಾಯರೇ. ತಮ್ಮ ಕಣ್ಣಿರುವಾಗ ಪಟ್ಟಿ ಯಾಕೆ ಬೇಕು?

ಮಧ್ಯಾಹ್ನ ಹೆಂಡತಿ ಕೃಷ್ಣವೇಣಿ ಕಟ್ಟಿಕೊಟ್ಟಿದ್ದ ಹಚ್ಚಿದ ಅವಲಕ್ಕಿಯನ್ನು ಉಪ್ಪಿನಕಾಯಿಯೊಂದಿಗೆ ತಿಂದರು. ನಳದಲ್ಲಿ ನೀರು ಹೋಗಿತ್ತು. ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಪ್ರಯೋಗಶಾಲೆಗೆ ಬಂದು ಮಕ್ಕಳೆದುರೇ ಉತ್ತರಗಳನ್ನು ನೋಡತೊಡಗಿದರು. ಏಳನೆಯ ಬಾಟಲಿಗೆ ಅಮೇಯ ಎಂಬ ಹುಡುಗ ಸೋಡಿಯಂ ಎಂದು ಬರೆದಿದ್ದ. ಅಕ್ಷರಾ ಪೊಟ್ಯಾಸಿಯಂ ಎಂದು ಬರೆದಿದ್ದಳು. ಉಳಿದದ್ದರಲ್ಲೆಲ್ಲ ಇಬ್ಬರೂ ಸಮ. ಅಕ್ಷರಾ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಬೈಲಹೊಂಗಲದ ಗುರುಸಿದ್ದಪ್ಪನ ಮಗಳು.

ರಾಯರು ಜೇಬಿನಿಂದ ತಂತಿ ತೆಗೆದರು. ಸೊಟ್ಟಗಾಗಿದ್ದ ತುದಿಯನ್ನು ಅಭ್ಯಾಸದಂತೆ ಎರಡು ಬೆರಳಲ್ಲಿ ನೀವಿ ನೆಟ್ಟಗೆ ಮಾಡಿದರು. ಲವಣಕ್ಕೆ ಅದ್ದಿ ಉರಿಗೆ ಹಿಡಿದರು. ಹಳದಿ ಉರಿ ಧಗ್ಗೆಂದಿತು. ಇಡೀ ತರಗತಿ ನೋಡಿತು.

"ಸೋಡಿಯಂ," ಎಂದರು ರಾಯರು.

ಅಕ್ಷರಾ ಗಾಬರಿಯಲ್ಲಿ ಮನೆಮಾತಿಗೆ ಜಾರಿದಳು. "ಸರ್, ನೀಲಿ ಗಾಜಿನಾಗ ಒಂದ್ಸಲ ನೋಡ್ರಿ. ನನಗ ಬರೋಬರ್ ಕಂಡೈತ್ರಿ."

ಗಾಜು ಮೇಜಿನ ಮೇಲೇ ಇತ್ತು. ಕೈಚಾಚಿದ್ದರೆ ಮುಗಿಯುತ್ತಿತ್ತು. ಆದರೆ ನಲವತ್ತು ಮಕ್ಕಳೆದುರು ಆ ಹುಡುಗಿ ತಮ್ಮೊಡನೆ ಕನ್ನಡದಲ್ಲಿ ಮಾತಾಡಿದ್ದೇ ರಾಯರ ಮೈ ಉರಿಸಿತು. "ಯಹಾಂ ಕನ್ನಡ ಮತ್ ಬೋಲೋ!" ಎಂದು ಗದರಿದರು. ಅಷ್ಟಕ್ಕೆ ಬಿಡಲಿಲ್ಲ. ಕಾಣದ್ದನ್ನು ಕಂಡೆ ಎಂದು ಬರೆಯುವುದು ಸುಳ್ಳು, ಸುಳ್ಳು ಬರೆಯುವವರಿಗೆ ಪ್ರಯೋಗಶಾಲೆಯಲ್ಲಿ ಜಾಗವಿಲ್ಲ ಎಂದು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. ಹುಡುಗಿ ತಲೆ ತಗ್ಗಿಸಿದಳು. ಅಮೇಯನ ಹೆಸರು ಪ್ರಿನ್ಸಿಪಾಲರಿಗೆ ಹೋಯಿತು.

ಸಂಜೆ ಗೋವಿಂದ ಪಟ್ಟಿ ತಂದುಕೊಟ್ಟ. ಏಳು: ಪೊಟ್ಯಾಸಿಯಂ ಕ್ಲೋರೈಡ್.

ರಾಯರು ಮೊದಲು ಗೋವಿಂದನನ್ನೇ ಬೈದರು. ಅವನು ಹೆಸರಿನ ಚೀಟಿಯಿದ್ದ ಮೂಲ ಬಾಟಲಿಯನ್ನು ತಂದು ಮುಂದಿಟ್ಟು ಹೋದ. ರಾಯರು ಮತ್ತೆ ತಂತಿ ಹಿಡಿದರು. ಹಳದಿ. ಆಮ್ಲದಲ್ಲಿ ಅದ್ದಿ, ಕಾಯಿಸಿ, ಮತ್ತೆ ಅದ್ದಿ, ತುದಿಯನ್ನು ಮುಟ್ಟದೆ ಹಿಡಿದರು. ಉರಿ ನಸುನೇರಳೆಗೆ ತಿರುಗಿತು. ಇನ್ನೊಮ್ಮೆ ತೊಳೆದು, ಲವಣವನ್ನೇ ಹಚ್ಚದೆ, ಬರೀ ಬೆರಳಿನಿಂದ ತುದಿಯನ್ನು ಸವರಿ ಉರಿಗಿಟ್ಟರು. ಮಧ್ಯಾಹ್ನದ ಅದೇ ಹಳದಿ ಧಗ್ಗೆಂದಿತು.

ಸುಳ್ಳು ಹೇಳಿದ್ದು ತಮ್ಮ ಕೈ. ಉಪ್ಪಿನಕಾಯಿಯ ಉಪ್ಪನ್ನು ಬೆರಳಿಗಂಟಿಸಿಕೊಂಡು ಬಂದು, ಕಂಡದ್ದನ್ನು ಕಂಡಂತೆ ಬರೆದ ಹುಡುಗಿಯನ್ನು ಸುಳ್ಳಿ ಎಂದಿದ್ದರು. ನಾಚಿಕೆಯಿಂದ ರಾಯರಿಗೆ, ಗೋವಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೋ ಏನೋ ಎಂದು ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಲಕ್ಷ್ಮೀ ನಗರದ ಮನೆಗೆ ಹೋಗದೆ ಸ್ಕೂಟರನ್ನು ನೇರ ಫ್ಯಾಕ್ಟರಿಯ ಕ್ವಾರ್ಟರ್ಸಿಗೆ ಬಿಟ್ಟರು. ಬಾಗಿಲು ತೆಗೆದ ಗುರುಸಿದ್ದಪ್ಪ ಅವರನ್ನು ಕಂಡು ಹೌಹಾರಿದ.

"ಬರ್ರಿ ಸರ್, ಬರ್ರಿ. ನಾನ ಬರಾಂವಿದ್ದೆ. ನಮ್ಮ ಹುಡುಗಿ ಎಲ್ಲಾರ ಮುಂದ ನಿಮಗ ಎದುರು ಮಾತಾಡ್ಯಾಳಂತ. ಹೊಟ್ಟ್ಯಾಗ ಹಾಕ್ಕೋರ್ರಿ. ಏ ಅಕ್ಷರಾ, ಬಾ ಇಲ್ಲೆ, ಸರ್ ಕಾಲಿಗೆ ಬೀಳು!"

ಅಕ್ಷರಾ ಒಳಗಿನಿಂದ ಬಂದು ಬಾಗಿದಳು. ರಾಯರು ಕಾಲು ಹಿಂದೆಳೆದುಕೊಳ್ಳುವಷ್ಟರಲ್ಲಿ ಆಕೆಯ ಬೆರಳು ಪಾದ ಮುಟ್ಟಿಯಾಗಿತ್ತು.

"ಬ್ಯಾಡ್ರೀ ಗುರುಸಿದ್ದಪ್ಪಾ, ತಪ್ಪು ನಂದದ. ಅಕಿ ಬರದದ್ದ ಖರೆ ಅದ," ಎಂದರು ರಾಯರು.

ಗುರುಸಿದ್ದಪ್ಪನ ಕಣ್ಣಲ್ಲಿ ನೀರು ಬಂತು. "ನೋಡಿದೇನವಾ? ನಿನ್ನ ಮನಸಿಗೆ ಹತ್ತಬಾರದಂತ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡಾರ. ದೊಡ್ಡವರು ಅಂದ್ರ ಇವರು!"

ಹಾಗಲ್ಲ ಎಂದು ಇನ್ನೊಮ್ಮೆ ಬಿಡಿಸಿ ಹೇಳಬೇಕಿತ್ತು. ರಾಯರು ಹೇಳಲಿಲ್ಲ. ದೊಡ್ಡವರು ಎಂಬ ಮಾತು ಆ ಹೊತ್ತಿಗೆ ಹಿತವಾಗಿಯೇ ಇತ್ತು. ಅಕ್ಷರಾ ತಂದಿಟ್ಟ ಚಹಾ ಕುಡಿದು, ಅಪ್ಪನ ನಮಸ್ಕಾರ ತೆಗೆದುಕೊಂಡು ಹೊರಬಿದ್ದರು. ಸ್ಕೂಟರಿನ ಹತ್ತಿರ ಬಂದ ಮೇಲೆ ತಾವು ಮಾಡಿದ್ದೇನೆಂದು ಹೊಳೆಯಿತು. ಮಧ್ಯಾಹ್ನದ್ದಾದರೂ ಗೊತ್ತಿಲ್ಲದೆ ಮಾಡಿದ ತಪ್ಪು. ಇದು ಗೊತ್ತಿದ್ದೂ ಮಾಡಿದ್ದು. ತಿರುಗಿ ಹೋಗಿ ಬಾಗಿಲು ತಟ್ಟಲು ಕಾಲು ಬರಲಿಲ್ಲ. ಮನೆಯಲ್ಲಿ ಕೃಷ್ಣವೇಣಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಮರುದಿನ ಮೊದಲ ತಾಸಿಗೇ ಬರ್ನರು ಹಚ್ಚಿಸಿದರು. ತೊಳೆದ ತಂತಿಯನ್ನು ಎಲ್ಲರೆದುರು ಉಪ್ಪು ಮುಟ್ಟಿದ ತಮ್ಮ ಬೆರಳಿಂದ ಸವರಿ ಉರಿಗೆ ಹಿಡಿದು, "ನಿನ್ನೆ ನೀವು ನೋಡಿದ ಹಳದಿ ಇದೇ. ಏಳನೆಯ ಬಾಟಲಿಯದಲ್ಲ, ಕೈ ತೊಳೆಯದೆ ಬಂದ ನನ್ನದು. ಅಕ್ಷರಾ ಬರೆದದ್ದು ಸರಿ. ನಾನು ಅವಳನ್ನು ಸುಳ್ಳಿ ಎಂದದ್ದು ಸುಳ್ಳು," ಎಂದು ಹಿಂದಿಯಲ್ಲಿ ಹೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ಹೆಸರು ಬದಲಿಸಬೇಕಾದರೆ ಕಾರಣ ಬರೆದುಕೊಡಿ ಎಂದರು. ರಾಯರು ಅದನ್ನೂ ಬರೆದು ಸಹಿ ಹಾಕಿದರು. ಅಕ್ಷರಾ ಪುಣೆಗೆ ಹೋಗಿ ಬಂದಳು. ಬಹುಮಾನವೇನೂ ಬರಲಿಲ್ಲ. ಆದರೂ ಮಾಡಬೇಕಾದದ್ದನ್ನು ಮಾಡಿದೆನಲ್ಲ ಎಂದು ರಾಯರ ಜೀವ ತುಸು ಹಗುರಾಯಿತು. ಹುಡುಗಿ ಎಂದಿನಂತೆ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಕೇಳಿದ್ದಕ್ಕೆ ‘ಹೌದು ಸರ್’ ಎನ್ನುತ್ತಿದ್ದಳು. ಎಲ್ಲ ಸರಿಹೋಯಿತೆಂದೇ ಅವರು ತಿಳಿದಿದ್ದರು.

ಫೆಬ್ರವರಿಯಲ್ಲಿ, ಬೋರ್ಡಿನ ಪರೀಕ್ಷೆಗೆ ಮುಂಚೆ, ಮಕ್ಕಳ ಪ್ರಾಕ್ಟಿಕಲ್ ಜರ್ನಲ್‌ಗಳನ್ನು ಮನೆಗೆ ತಂದು ತಿದ್ದಲು ಕೂತರು. ಮೂರು ಜರ್ನಲ್ ಮುಗಿಸುವಷ್ಟರಲ್ಲಿ ಕೈ ನಿಂತಿತು. ಮೂವರೂ ಕ್ಯಾಲ್ಸಿಯಂ ಎಳೆ ಹಸಿರು, ಬೇರಿಯಂ ಇಟ್ಟಿಗೆಗೆಂಪು ಎಂದು ಬರೆದಿದ್ದರು. ನಾಲ್ಕನೆಯವನೂ ಹಾಗೇ ಬರೆದಿದ್ದ. ಆಗ ನೆನಪಾಯಿತು. ಹಿಂದಿನ ವಾರ ಅವಸರದಲ್ಲಿ ಕರಿಹಲಗೆಯ ಮೇಲೆ ಹಾಗೆ ಅದಲುಬದಲು ಬರೆದವರು ತಾವೇ. ನಲವತ್ತು ಮಂದಿಯಲ್ಲಿ ಒಬ್ಬರೂ ಚಕಾರವೆತ್ತಿರಲಿಲ್ಲ. ಒಬ್ಬರಿಗೂ ತಿಳಿಯಲಿಲ್ಲವೇ ಎಂದು ರಾಯರು ಸಿಟ್ಟಿನಿಂದ ಒಂದೊಂದನ್ನೇ ತೆರೆಯುತ್ತ ಹೋದರು.

ಅಕ್ಷರಾಳ ಜರ್ನಲ್ ಕೈಗೆ ಬಂತು. ದುಂಡನೆಯ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ಬರೆದಿದ್ದಳು: ಕ್ಯಾಲ್ಸಿಯಂ, ಇಟ್ಟಿಗೆಗೆಂಪು. ಬೇರಿಯಂ, ಎಳೆ ಹಸಿರು. ಅವರ ತಪ್ಪನ್ನು ಅವಳು ಅವತ್ತೇ ಕಂಡಿದ್ದಳು, ಬಾಯಿ ಬಿಟ್ಟಿರಲಿಲ್ಲ.