ಎಲ್ಲರೂ ಕೈ ಹಿಂದೆ ಕಟ್ಟಿದ ಬೆಳಗು

ನಾನು ನಿಂತಿದ್ದದ್ದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ, ಕ್ರೇನಿನ ಮೇನ್ ಸ್ವಿಚ್ ಇರುವ ಕಂಬದ ಪಕ್ಕ. ಕೋವಿಡ್ ಮುಗಿದ ಮರುವರ್ಷದ ಮಳೆಗಾಲ. ಬೆಳಗಿನ ಪಾಳಿಗೆ ಇನ್ನೂ ಟೀ ಬಂದಿರಲಿಲ್ಲ. ನಾನು ಅಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಆ ಕಂಬದ ಬಳಿಯಿಂದ ನನಗೆ ಕಂಡದ್ದನ್ನು ಕಂಡೆ ಎಂದೂ, ಬೇರೆಯವರಿಂದ ತಿಳಿದದ್ದನ್ನು ತಿಳಿದೆ ಎಂದೂ ಬೇರೆಬೇರೆಯಾಗಿಯೇ ಬರೆಯುತ್ತೇನೆ.

ಓವರ್‌ಹೆಡ್ ಕ್ರೇನ್ ನೋಡದವರಿಗಾಗಿ ಎರಡು ಮಾತು. ಶೆಡ್ಡಿನ ಎರಡೂ ಗೋಡೆಗಳ ಮೇಲ್ಭಾಗದಲ್ಲಿ ಹಳಿಗಳಿರುತ್ತವೆ. ಅವುಗಳ ಮೇಲೆ ಅಡ್ಡಲಾಗಿ ಕೂತ ಉಕ್ಕಿನ ತೊಲೆ ಶೆಡ್ಡಿನುದ್ದಕ್ಕೂ ಓಡಾಡುತ್ತದೆ. ಆಪರೇಟರ್ ಕೂರುವುದು ಆ ತೊಲೆಯ ಕೆಳಗೆ ತೂಗುವ ಗಾಜಿನ ಕ್ಯಾಬಿನ್ನಿನಲ್ಲಿ. ನಮ್ಮಲ್ಲಿ ಅದು ನೆಲದಿಂದ ಮೂವತ್ತೈದು ಅಡಿ ಮೇಲಿತ್ತು. ಹತ್ತಿ ಇಳಿಯುವ ಏಣಿ ಇದ್ದದ್ದು ಶೆಡ್ಡಿನ ಪಶ್ಚಿಮದ ಕೊನೆಯಲ್ಲಿ ಮಾತ್ರ. ಅಂದರೆ, ಆಪರೇಟರ್ ಇಳಿಯಬೇಕಾದರೆ ಕ್ರೇನನ್ನು ತಾನೇ ಅಲ್ಲಿಯವರೆಗೆ ನಡೆಸಿಕೊಂಡು ಹೋಗಬೇಕು. ಮೇಲಿನಿಂದ ಎಲ್ಲವೂ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಕೆಳಗೆ ನಿಂತ ಸಿಗ್ನಲ್‌ಮ್ಯಾನ್ ಕೈಸನ್ನೆ ಮಾಡುತ್ತಾನೆ: ಎತ್ತು, ಇಳಿಸು, ಮುಂದೆ ಬಾ, ನಿಲ್ಲಿಸು. ಆಪರೇಟರ್ ಆದವನು ಆ ಒಬ್ಬನ ಕೈಯನ್ನು ಮಾತ್ರ ನೋಡಬೇಕು. ಇದು ಆ ಕೆಲಸದ ಮೊದಲ ನಿಯಮ.

ಆ ದಿನ ಮೇಲಿದ್ದವನು ಶರಣಪ್ಪ, ರಾಯಚೂರು ಕಡೆಯ ಹುಡುಗ, ಮೂವತ್ತು ದಾಟಿರಲಿಲ್ಲ. ಕೆಳಗಿದ್ದವರು ಮುನಿರಾಜು. ಐವತ್ತರ ಮನುಷ್ಯ, ಬಾಯಿ ಜೋರು. ಅವರ ಮನೆತನದ ಹೊಲದ ಮೇಲೆ ಈಗ ರಾಜಗೋಪಾಲನಗರದ ಒಂದು ಬೀದಿ ಇದೆ. ಉಳಿದ ಜಾಗದಲ್ಲಿ ಅವರು ಕಟ್ಟಿಸಿದ ಮನೆಯ ಮಹಡಿಯ ಕೋಣೆಯಲ್ಲೇ ಶರಣಪ್ಪ ಬಾಡಿಗೆಗೆ ಇದ್ದ. ದಿನವೂ ಇವರ ಮಾತು ಕೇಳುವುದೇ ಒಂದು ಮೋಜು.

"ಏನಪ್ಪಾ, ನಮ್ಮನೇಲೂ ಮೇಲೇ ಇರ್ತೀಯ, ಇಲ್ಲೂ ಮೇಲೇ ಇರ್ತೀಯ. ನೆಲಕ್ಕೆ ಯಾವಾಗ ಬರ್ತೀಯೋ?"

"ಪಗಾರದ ದಿನ ಇಳೀತೀನಿ ಬಿಡ್ರೀ ಮಾಲಕರ."

ಆ ಬೆಳಿಗ್ಗೆ ಆರು ಟನ್ನಿನ ಉಕ್ಕಿನ ರೋಲರ್ ಒಂದನ್ನು ಎತ್ತಿ ಸಾಗಿಸುತ್ತಿದ್ದಾಗ ಕ್ರೇನ್ ಶೆಡ್ಡಿನ ನಟ್ಟನಡುವೆ ಗಕ್ಕನೆ ನಿಂತಿತು. ರೋಲರ್ ತೂಗಾಡಿತು. ಏನೋ ಕೆಟ್ಟಿದೆ ಎಂದುಕೊಂಡೆ. ಅಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ತೆರೆಯಿತು. ಶರಣಪ್ಪನ ಒಂದು ಕಾಲು ಹೊರಗೆ ಬಂತು. ಆ ಕಾಲಿನ ಕೆಳಗೆ ಏನೂ ಇರಲಿಲ್ಲ.

"ಉಸಿರು ಬರವಲ್ದು! ನಾ ಸಾಯ್ತೀನಿ, ಇಳಸ್ರೀ ನನ್ನ!"

ಮೆಷಿನ್ನುಗಳು ಒಂದೊಂದಾಗಿ ನಿಂತವು. ಇಡೀ ಶೆಡ್ಡಿನ ಜನ ಕೂಗತೊಡಗಿದರು. ಒಳಗೆ ಹೋಗು ಎಂದು ಒಬ್ಬ ಕೈ ಬೀಸಿದ, ಕೂತುಕೋ ಎಂದು ಇನ್ನೊಬ್ಬ, ಅಲ್ಲಾಡಬೇಡ ಎಂದು ಮತ್ತೊಬ್ಬ. ಕ್ರೇನ್ ಆಪರೇಟರ್‌ಗೆ ಪ್ರತಿ ಕೈಯೂ ಒಂದು ಆಜ್ಞೆ. ಅವನ ತಲೆ ಆ ಕೈಯಿಂದ ಈ ಕೈಗೆ ತಿರುಗುತ್ತಿದ್ದದ್ದನ್ನು ನಾನು ಕಂಡೆ. ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಕರೆಂಟ್ ತೆಗೆದರೆ ರೋಲರನ್ನು ಬ್ರೇಕ್ ಹಿಡಿದುಕೊಳ್ಳುತ್ತದೆ, ಆದರೆ ಅವನು ಅಲ್ಲೇ ನಡುಮಧ್ಯೆ ಉಳಿದುಬಿಡುತ್ತಾನೆ. ಹೊರಗಿನಿಂದ ಏಣಿ ತರಿಸುವಷ್ಟು ಹೊತ್ತು ಆ ಕಾಲು ಕಾಯುವಂತೆ ಕಾಣಲಿಲ್ಲ.

ಆಗ ಮುನಿರಾಜು ಅಬ್ಬರಿಸಿದರು:

"ಎಲ್ರೂ ಕೈ ಹಿಂದೆ ಕಟ್ಕೊಳ್ರೋ! ಒಬ್ರೂ ಕೈ ತೋರಿಸ್ಬಾರ್ದು!"

ಕಟ್ಟಿಕೊಂಡೆವು. ವೆಲ್ಡರ್‌ಗಳು, ಫಿಟ್ಟರ್‌ಗಳು, ಆಗತಾನೆ ಓಡಿಬಂದಿದ್ದ ಪ್ಲಾಂಟ್ ಮ್ಯಾನೇಜರ್, ನಾನು, ಎಲ್ಲರೂ ಶಾಲೆಯ ಮಕ್ಕಳಂತೆ ಕೈ ಹಿಂದೆ ಕಟ್ಟಿ ನಿಂತೆವು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಒಂದೇ ಕೈ ಉಳಿಯಿತು.

ಆ ಕೈ ಎತ್ತು ಎನ್ನಲಿಲ್ಲ, ಇಳಿಸು ಎನ್ನಲಿಲ್ಲ. ಅಂಗೈ ಎದೆಯ ಮಟ್ಟಕ್ಕೆ ನಿಧಾನ ಏರಿತು, ಅದಕ್ಕಿಂತ ನಿಧಾನ ಇಳಿಯಿತು. ಮತ್ತೆ ಏರಿತು, ಇಳಿಯಿತು. ಅಂಥ ಸಿಗ್ನಲ್ ನಮ್ಮ ಯಾವ ತರಬೇತಿಯಲ್ಲೂ ಇಲ್ಲ. ಮುನಿರಾಜು ಬಾಯಿ ತೆರೆಯಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರಿಬ್ಬರ ಮಾತೆಲ್ಲ ಕೈಯಲ್ಲೇ ಆಗುತ್ತಿತ್ತು. ಎಷ್ಟು ಹೊತ್ತು ಹೀಗೆ ನಡೆಯಿತೋ, ನಾನು ಗಡಿಯಾರ ನೋಡಲಿಲ್ಲ. ಶರಣಪ್ಪನ ಭುಜಗಳು ಆ ಕೈಯ ಜೊತೆ ಏರಿಳಿಯತೊಡಗಿದ್ದನ್ನು ಮಾತ್ರ ನೋಡಿದೆ. ಹೊರಗಿದ್ದ ಕಾಲು ಒಳಗೆ ಹೋಯಿತು.

ಆಮೇಲೆ ಆ ಕೈ 'ಇಳಿಸು' ಎಂದಿತು. ರೋಲರ್ ಬೆರಳಷ್ಟು ಬೆರಳಷ್ಟೇ ಇಳಿದು ಮರದ ದಿಮ್ಮಿಗಳ ಮೇಲೆ ಕೂತಿತು. ಕೊಕ್ಕೆ ಬಿಡಿಸಲು ಒಬ್ಬನನ್ನು ಮಾತ್ರ ಬಿಟ್ಟರು. ಬಳಿಕ ಮುನಿರಾಜು ಮುಖ ಮೇಲೆತ್ತಿಕೊಂಡೇ ಪಶ್ಚಿಮದ ಏಣಿಯ ಕಡೆಗೆ ಹಿಂದೆ ಹಿಂದೆ ನಡೆಯತೊಡಗಿದರು. ಒಂದಿಷ್ಟು ದೂರ, ನಿಲ್ಲಿಸು, ಅಂಗೈ ಮೇಲೆ, ಅಂಗೈ ಕೆಳಗೆ. ಮತ್ತೆ ಒಂದಿಷ್ಟು ದೂರ. ಅಷ್ಟು ದೊಡ್ಡ ಯಂತ್ರ ಆ ಮನುಷ್ಯನ ಹಿಂದೆ ಪಳಗಿದ ಆನೆಯಂತೆ ಹೋಯಿತು. ಇಪ್ಪತ್ತು ವರ್ಷ ಕ್ರೇನ್‌ಗಳ ಕೆಳಗೆ ಕಳೆದಿದ್ದ ನಾನು ಅಂಥದ್ದನ್ನು ನೋಡಿರಲಿಲ್ಲ. ಆ ಯಂತ್ರವನ್ನು ನಡೆಸುತ್ತಿದ್ದವನು, ತಾನು ಸಾಯುತ್ತಿದ್ದೇನೆ ಎಂದು ನಂಬಿದ್ದ ಒಬ್ಬ ಹುಡುಗ.

ಏಣಿ ಇಳಿದವನ ಅಂಗಿ ಬೆವರಿನಿಂದ ತೊಯ್ದಿತ್ತು. ಮುನಿರಾಜು ಅವನ ಕತ್ತಿಗೆ ಕೈ ಹಾಕಿ ಎಳೆದುಕೊಂಡರು. "ಆಕಾಶದಲ್ಲೇ ಮನೆ ಮಾಡ್ಬಿಟ್ಟೆ ಅನ್ಕೊಂಡೆ ಕಣೋ. ನನ್ ಕೋಣೆ ಖಾಲಿ ಮಾಡ್ತೀಯೇನೋ ಅಂತ ಹೆದರ್ಕೊಂಡೆ!" ಶರಣಪ್ಪ ನಕ್ಕ, ಆಮೇಲೆ ಅತ್ತ.

ಹೀಗೆ ಹಿಂದೆಯೂ ಆಗಿತ್ತು ಎಂದು ಅಂದು ಅವನಿಂದಲೇ ತಿಳಿಯಿತು. ಕೋಣೆಯಲ್ಲಿ, ಬಸ್ಸಿನಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಅಂದು ತೆಗೆಸಿದ ಇಸಿಜಿ ಸರಿಯಿತ್ತು. ಹೇಳಿದರೆ ಕ್ರೇನಿನಿಂದ ಇಳಿಸಿಬಿಡುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎಂದರು. ಅಪಾಯವಿಲ್ಲದಿದ್ದರೂ ದೇಹ ಅಪಾಯದ ಗಂಟೆ ಬಾರಿಸುತ್ತದೆ. ಅದರೊಂದಿಗೆ ಗುದ್ದಾಡಿದಷ್ಟೂ ಅದು ಜೋರಾಗುತ್ತದೆ, ಉಸಿರನ್ನು ನಿಧಾನಕ್ಕೆ ಹೊರಗೆ ಬಿಡುತ್ತ ಕಾದರೆ ತಾನಾಗಿ ಇಳಿಯುತ್ತದೆ. ಇದಕ್ಕೆ ಚಿಕಿತ್ಸೆ ಇದೆ ಎಂದರು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಮುನಿರಾಜು ಅವರನ್ನು ಕೇಳಿದೆ.

"ಕಲಿಯೋದೇನ್ ಬಂತು ಸಾರ್. ನಂಗೇ ಉಸಿರು ಸಿಕ್ತಿರ್ಲಿಲ್ಲ. ನನ್ ಉಸಿರು ನಾನು ಸರಿ ಮಾಡ್ಕೋತಿದ್ದೆ, ಕೈ ಅದ್ರ ಹಿಂದೆ ಹೋಯ್ತು ಅಷ್ಟೆ."

ಪ್ಲಾಂಟ್ ಮ್ಯಾನೇಜರ್ ಶರಣಪ್ಪನನ್ನು ಸ್ಟೋರ್ಸಿಗೆ ಹಾಕುತ್ತೇನೆಂದರು. ಮೇಲೆ ಮತ್ತೆ ಹೀಗಾದರೆ ಯಾರು ಹೊಣೆ ಎಂಬ ಅವರ ಪ್ರಶ್ನೆ ಸರಿಯಾದದ್ದೇ. ಮೊದಲು ಚಿಕಿತ್ಸೆ, ಅಲ್ಲಿಯವರೆಗೆ ನೆಲದ ಮೇಲೆ ನಿಂತು ನಡೆಸುವ ಸಣ್ಣ ಕ್ರೇನ್, ವೈದ್ಯರು ಒಪ್ಪಿದ ಮೇಲೆ ಮತ್ತೆ ನೋಡೋಣ ಎಂದು ನಾನು ಕೇಳಿಕೊಂಡೆ. ಒಪ್ಪಿದರು. ಮುಂದಿನ ಬೇಸಿಗೆಯಲ್ಲಿ ಶರಣಪ್ಪ ಮತ್ತೆ ಏಣಿ ಹತ್ತಿದ. ಮೊದಲ ದಿನ ಅರ್ಧ ದಾರಿಯಲ್ಲಿ ಕ್ರೇನ್ ನಿಂತಿತು. ಕ್ಯಾಬಿನ್ನಿನ ಗಾಜಿನ ಹಿಂದೆ ಒಂದು ಅಂಗೈ ಏರಿತು, ಇಳಿಯಿತು. ಈ ಸಲ ಯಾರೂ ಹೇಳಬೇಕಾಗಲಿಲ್ಲ, ನಾವೆಲ್ಲ ಕೈ ಹಿಂದೆ ಕಟ್ಟಿ ಕಾದೆವು. ಸ್ವಲ್ಪ ಹೊತ್ತಿಗೆ ಕ್ರೇನ್ ಹೊರಟಿತು. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಆ ಸನ್ನೆಗೆ ಒಂದು ಅರ್ಥ ಬಂತು: ನನಗೆ ಸ್ವಲ್ಪ ಹೊತ್ತು ಕೊಡಿ. ಯಾರು ತೋರಿಸಿದರೂ ಕೆಲಸ ನಿಲ್ಲುತ್ತದೆ, ಕಾರಣ ಕೇಳುವುದಿಲ್ಲ.

'ಹೆದರಬೇಡ' ಎಂಬ ಮಾತನ್ನು ಆಮೇಲೆ ನಾನು ಯಾರಿಗೂ ಹೇಳಿಲ್ಲ. ಹೆದರಿದವನಿಗೆ ಬೇಕಾದದ್ದು ನೋಡಲು ಒಂದೇ ಒಂದು ಕೈ ಮತ್ತು ಅವನಿಗೆ ಮಾಡಲು ಬರುವ ಒಂದು ಸಣ್ಣ ಕೆಲಸ ಎಂದು ನನ್ನ ವೃತ್ತಿ ಕಲಿಸಿತು.

ಮ್ಯಾನೇಜರ್ ಹೋದ ವರ್ಷ ತೀರಿಕೊಂಡರು. ಮುನಿರಾಜು ಇದ್ದಾರೆ, ಬಾಯಿ ಹಾಗೆಯೇ ಇದೆ. ಶರಣಪ್ಪ ಇದ್ದಾನೆ, ಅದೇ ಕ್ಯಾಬಿನ್ನಿನಲ್ಲಿ. ಇದನ್ನು ಅವರಿಬ್ಬರಿಗೂ ಓದಿ ಹೇಳಿದೆ. ಆ ಬೆಳಿಗ್ಗೆ ಅವನು ಭಯ ಬಿಟ್ಟು ಕ್ರೇನ್ ನಡೆಸಿದ ಎಂದು ನಾನು ಮೊದಲು ಬರೆದಿದ್ದೆ. ಶರಣಪ್ಪ ಅಲ್ಲಿ ತಡೆದ.

"ಅದೊಂದು ತೆಗೀರಿ ಸರ್. ಅಂಜಿಕಿ ಬಿಟ್ಟಿರ್ಲಿಲ್ರೀ. ಅದೂ ನನ್ನ ಕೂಡನ ಕೆಳಗ ಇಳೀತು."