ಬಂದರು ಕಚೇರಿಯ ನಕಲಮ್ಮ

ಬಂದರು ಕಚೇರಿಯಲ್ಲಿ ಇಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದ ಅವಳಿಗೆ ನಕಲಮ್ಮ ಅಂತ ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಕ್ರೇನ್ ನಡೆಸುವವರಿಂದ ಹಿಡಿದು ಗೇಟಿನ ಕಾವಲುಗಾರರವರೆಗೆ ಎಲ್ಲರ ಬಾಯಲ್ಲೂ ಅದೇ. ಕಂಪ್ಯೂಟರಿನ ಮುಂದೆ ಕೂತವರು ಯಾರೇ ಸಿಕ್ಕಲಿ, "ನಕಲು ಇಟ್ಟಿದ್ದೀರಾ? ತೆರೆದು ನೋಡಿದ್ದೀರಾ?" ಅಂತ ಕೇಳುವುದು ಅವಳ ಚಾಳಿ. ಮೊದಮೊದಲು ಆ ಹೆಸರು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು.

"ನಕಲಿ ಅಂತ ಕರೆದ ಹಾಗೇ ಕೇಳುತ್ತಲ್ಲಪ್ಪ," ಅಂತ ಮನೆಯಲ್ಲಿ ಗೊಣಗಿದ್ದಳು.

ಅಪ್ಪ ಅದೇ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತರುವ ಟಗ್ ದೋಣಿ ನಡೆಸಿ ನಿವೃತ್ತನಾದವನು. "ನನ್ನನ್ನ ಕೊನೇವರೆಗೂ ಬಂಡೆ ಅಂತ ಕರೆದ್ರು ಪುಟ್ಟಿ. ಒಂದೇ ಒಂದ್ಸಲ ಬಂಡೆಗೆ ಗುದ್ದಿದ್ದಕ್ಕೆ. ನಿಂದು ಎಷ್ಟೋ ವಾಸಿ, ಮಾಡೋ ಕೆಲಸದಿಂದ ಬಂದಿದ್ದು," ಅಂದ. ಅಲ್ಲಿಗೆ ಅವಳ ಸಿಟ್ಟು ಅರ್ಧ ಇಳಿಯಿತು.

ಅವಳಿಗೆ ಆ ಚಾಳಿ ಹತ್ತಿದ್ದಕ್ಕೂ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದಾಗ ಅವಳಿಗಿಂತ ಮುಂಚೆ ಇದ್ದವರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಹೋಗುವಾಗ ಒಂದು ಕಬ್ಬಿಣದ ಬೀರು ತುಂಬ ಬ್ಯಾಕಪ್ ಟೇಪುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು. ದಿನಾ ರಾತ್ರಿ ಮೇಲ್‌ಗಳ ಡೇಟಾಬೇಸನ್ನು ಒಂದು ಪ್ರೋಗ್ರಾಮು ತಾನಾಗಿಯೇ ನಕಲು ಮಾಡುತ್ತಿತ್ತು, ಬೆಳಿಗ್ಗೆ ಪರದೆಯ ಮೇಲೆ ಹಸಿರು ಗುರುತು ಬರುತ್ತಿತ್ತು. ಎಲ್ಲರೂ ನೆಮ್ಮದಿಯಾಗಿದ್ದರು. ಹೊಸಬಳಾದ ಅವಳಿಗೆ ಒಂದನ್ನು ತೆರೆದು ನೋಡುವ ಬುದ್ಧಿ ಬಂತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ಸರ್ವರ್ ಒಂದಿತ್ತು. ಧೂಳು ಕೊಡವಿ, ಅದಕ್ಕೆ ಒಂದು ಟೇಪನ್ನು ಇಳಿಸಿದಳು. ಡೇಟಾಬೇಸ್ ತೆರೆಯಲಿಲ್ಲ. ಇನ್ನೊಂದು ಇಳಿಸಿದಳು, ಅದೂ ಇಲ್ಲ. ಮತ್ತೊಂದೂ ಇಲ್ಲ. ಬೀಗ ಹಾಕಿ ಕಾಪಾಡಿದ್ದೆಲ್ಲ ಬರೀ ಹೊಟ್ಟು.

ತಪ್ಪು ಟೇಪಿನದಾಗಿರಲಿಲ್ಲ. ಬಂದರಿನ ಮೇಲ್ ಸರ್ವರ್ ಮಲಗುವುದಿಲ್ಲ; ನಮ್ಮ ರಾತ್ರಿ ಇನ್ಯಾವುದೋ ಹಡಗಿಗೆ ಹಗಲು. ನಕಲು ಮಾಡುವ ಪ್ರೋಗ್ರಾಮು ಫೈಲಿನ ತಲೆ ಓದಿ ಬಾಲಕ್ಕೆ ಬರುವಷ್ಟರಲ್ಲಿ ತಲೆಯೇ ಬದಲಾಗಿರುತ್ತಿತ್ತು. ಅವಳು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಹೇಳಿದಳು.

"ಸರ್, ಮನೆ ತುಂಬ ಜನ ಓಡಾಡ್ತಿರುವಾಗ ಒಂದೊಂದೇ ರೂಮಿಗೆ ಹೋಗಿ ತಲೆ ಎಣಿಸಿದ ಹಾಗಾಗಿದೆ. ಅಜ್ಜಿನ ಎರಡು ಸಲ ಎಣಿಸಿರ್ತೀವಿ, ಅಳಿಯನ್ನ ಬಿಟ್ಟೇಬಿಟ್ಟಿರ್ತೀವಿ."

"ಅಳಿಯನ್ನ ಬಿಟ್ರೆ ಮನೆ ಉಳಿಯಲ್ಲಮ್ಮ," ಅಂದರು ಅವರು. ಆಮೇಲೆ ನಗು ನಿಲ್ಲಿಸಿ, "ಹಾಗಾದ್ರೆ ಏನು ಮಾಡ್ಬೇಕು?" ಅಂತ ಕೇಳಿದರು.

ಮಾಡಬೇಕಾದ್ದನ್ನು ಅವಳು ಒಂದೊಂದಾಗಿ ಮಾಡಿದಳು. ನಕಲು ತೆಗೆಯುವ ಮುಂಚೆ ಡೇಟಾಬೇಸಿಗೇ ತಿಳಿಸುವುದು. ಅದು ಕೈಯಲ್ಲಿದ್ದ ಬರವಣಿಗೆಯನ್ನೆಲ್ಲ ಡಿಸ್ಕಿಗೆ ಇಳಿಸಿ ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತದೆ. ಆ ಗಳಿಗೆಯ ಚಿತ್ರವನ್ನು ಹಿಡಿದಿಟ್ಟುಕೊಂಡು, ಮೇಲ್ ಓಡಾಟವನ್ನು ಮತ್ತೆ ಬಿಟ್ಟು, ನಿಧಾನವಾಗಿ ಆ ಚಿತ್ರದಿಂದ ನಕಲು ತೆಗೆಯುವುದು. ತೆಗೆದ ನಕಲು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿಸುವುದು. ಇನ್ನೊಂದು ಸಂಗತಿಯೂ ಇತ್ತು. ಬಂದ ಮೇಲ್ ಪ್ರತಿಯೊಂದೂ ಮೊದಲು ಲಾಗ್ ಅನ್ನುವ ಫೈಲಿನಲ್ಲಿ ದಾಖಲಾಗಿ, ಆಮೇಲೆ ಡೇಟಾಬೇಸಿನೊಳಗೆ ಹೋಗಿ ಕೂರುತ್ತಿತ್ತು. ಆ ಲಾಗ್‌ಗಳನ್ನು ಬೇರೆ ಡಿಸ್ಕ್ ಪೆಟ್ಟಿಗೆಯಲ್ಲೇ ಇಡಬೇಕು ಅಂತ ಹಟ ಹಿಡಿದಳು.

"ಎರಡೂ ಒಂದೇ ಕಡೆ ಇದ್ರೆ ಏನೀಗ?" ಅಂದರು ಮುಖ್ಯಸ್ಥರು.

"ಎರಡನೇ ಬೀಗದಕೈನೂ ಅದೇ ಗೊಂಚಲಲ್ಲಿ ಇಟ್ಕೊಂಡ್ರೆ ಏನು ಬಂತು ಸರ್?"

ಬೇರೆ ಪೆಟ್ಟಿಗೆ ಬಂತು. ಅಂದಿನಿಂದ ಪ್ರತಿ ತಿಂಗಳೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವಳು ಬೀಗ ಹಾಕಿಕೊಂಡು, ಎಲ್ಲವೂ ಹಾಳಾಗಿದೆ ಅಂತ ಅಂದುಕೊಂಡು, ನಕಲಿನಿಂದ ಇಡೀ ಮೇಲ್ ವ್ಯವಸ್ಥೆಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಬೇಕಂತಲೇ ಏನಾದರೂ ಕೆಡಿಸಿ, ಅದನ್ನು ಸರಿಮಾಡುವುದನ್ನೂ ಕಲಿಯುತ್ತಿದ್ದಳು. "ಮಳೆ ಇಲ್ಲ, ಮೋಡ ಇಲ್ಲ, ಕೊಡೆ ಬಿಚ್ಕೊಂಡು ಕೂತಿದ್ದಾಳೆ," ಅಂತ ಪಕ್ಕದ ವಿಭಾಗದವರು ನಗುತ್ತಿದ್ದರು. ನಗಲಿ ಅಂತ ಅವಳು ಮುಂದಿನ ಟೇಪು ಇಳಿಸುತ್ತಿದ್ದಳು.

ಹೀಗೇ ಕೆಲವು ವರ್ಷ ಕಳೆಯಿತು. ಒಂದು ದಿನ ಬೆಳಗಿನ ಕೆಲಸ ಕಾವೇರುತ್ತಿದ್ದ ಹೊತ್ತಿನಲ್ಲಿ ಸರ್ವರ್ ಕೋಣೆಯ ತಂಪು ಯಂತ್ರ ಕೆಟ್ಟಿತು. ಅದನ್ನು ಗಮನಿಸುವಷ್ಟರಲ್ಲೇ ಡೇಟಾಬೇಸ್ ಇದ್ದ ಪೆಟ್ಟಿಗೆಯ ಡಿಸ್ಕುಗಳು ಒಂದರ ಹಿಂದೆ ಒಂದು ಕೈಕೊಟ್ಟವು. ಕಚೇರಿಯ ಎಲ್ಲರ ಮೇಲ್ ಒಂದೇ ಸಲ ನಿಂತುಹೋಯಿತು. ಮುಖ್ಯಸ್ಥರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಅವರ ಕೈಯಲ್ಲಿದ್ದ ಫೋನಿನಲ್ಲಿ ಸರ್ವರ್ ಮಾರಿದ ಕಂಪನಿಯ ಎಂಜಿನಿಯರ್ ಇದ್ದ. ಉಳಿದಿರುವ ಫೈಲಿನ ಮೇಲೆ ರಿಪೇರಿ ಓಡಿಸಿ, ಬೇಗ ಏಳುತ್ತೆ ಅನ್ನುತ್ತಿದ್ದ.

"ಏಳುತ್ತೆ ಸರ್," ಅಂದಳು ಅವಳು. "ಆದ್ರೆ ಓದೋಕೆ ಬರದೇ ಇರೋ ಪುಟಗಳನ್ನೆಲ್ಲ ಅದು ಕಿತ್ತು ಬಿಸಾಕುತ್ತೆ. ಏನು ಹೋಯ್ತು ಅಂತ್ಲೂ ನಮಗೆ ಗೊತ್ತಾಗಲ್ಲ. ಇದ್ದದ್ದೂ ಹೋಯ್ತು ಮದ್ದಿನ ಗುಣದಿಂದ ಅಂದ ಹಾಗಾಗುತ್ತೆ. ಅದು ಕೊನೇ ಮದ್ದು. ಈಗ ಬೇಡ."

ಮುಖ್ಯಸ್ಥರು ಅವಳ ಮುಖ ನೋಡಿದರು. ಫೋನಿನವನಿಗೆ ಆಮೇಲೆ ಮಾತಾಡುತ್ತೇನೆ ಅಂತ ಹೇಳಿ ಇಟ್ಟರು.

ತಿಂಗಳು ತಿಂಗಳೂ ಮಾಡಿದ ಅಭ್ಯಾಸಕ್ಕೆ ಅವಳ ಕೈ ತನ್ನ ಪಾಡಿಗೆ ತಾನು ನಡೆಯಿತು. ಕೆಟ್ಟ ಡೇಟಾಬೇಸಿನಲ್ಲಿ ಓದಲು ಬಂದಷ್ಟನ್ನು, ಬೇರೇನೂ ಆಗದಿದ್ದರೆ ಕೊನೇ ಮದ್ದಿಗಾದರೂ ಇರಲಿ ಅಂತ, ಕೆಟ್ಟ ಹಾಗೇ ಒಂದು ಕಡೆ ನಕಲು ಮಾಡಿ ಎತ್ತಿಟ್ಟಳು. ಬದಲಿ ಡಿಸ್ಕಿನ ಮೇಲೆ ಎಲ್ಲರಿಗೂ ಖಾಲಿ ಮೇಲ್‌ಪೆಟ್ಟಿಗೆ ತೆರೆದಳು. ಹಳೆಯದು ಕಾಣದಿದ್ದರೂ ಈಗ ಬರುವುದು ಬರಲಿ, ಹೋಗುವುದು ಹೋಗಲಿ. ಆಮೇಲೆ ಹಿಂದಿನ ರಾತ್ರಿಯ ನಕಲನ್ನು ಬೇರೆ ಜಾಗಕ್ಕೆ ಇಳಿಸತೊಡಗಿದಳು.

ಅದು ಇಳಿದು ಮುಗಿಯುವ ಹೊತ್ತಿಗೆ ಬಂದರಿನ ಕಪ್ತಾನರು ಬಂದರು. ಯಾವ ಹಡಗು ಯಾವ ಕಟ್ಟೆಗೆ ಬರಬೇಕು ಅಂತ ತೀರ್ಮಾನಿಸುವವರು ಅವರೇ. ಮಾತು ಕಡಿಮೆ, ಹೆಜ್ಜೆ ಜೋರು.

"ಮಧ್ಯಾಹ್ನದ ಉಬ್ಬರಕ್ಕೆ ಹಡಗು ಒಳಗೆ ತರ್ಬೇಕು. ನನ್ನ ಹಳೇ ಮೇಲ್‌ಗಳು ಬೇಕು. ರಾತ್ರಿದು ಸಿದ್ಧ ಇದೆ ಅಂತಾರಲ್ಲ, ಅದನ್ನೇ ಕೊಡಿ."

"ಕೊಡಬಹುದು ಸರ್. ಆದ್ರೆ ಬೆಳಿಗ್ಗೆ ಬಂದಿರೋ ಮೇಲ್‌ಗಳು ಅದರಲ್ಲಿ ಇರಲ್ಲ."

"ಬೇಕಿದ್ದೋರು ಮತ್ತೆ ಕಳಿಸ್ತಾರೆ ಬಿಡಿ."

"ಕಳಿಸಲ್ಲ ಸರ್," ಅಂದಳು. "ನಮ್ಮ ಸರ್ವರ್ ಬಿದ್ದ ಮೇಲೆ ಅವರು ಕಳಿಸಿದ್ದು ಅವರ ಸರ್ವರಲ್ಲೇ ಕಾದಿರುತ್ತೆ, ತಾನಾಗಿ ಬರುತ್ತೆ. ಬೀಳೋಕೆ ಮುಂಚೆ ಬಂದಿದ್ದಕ್ಕೆ ನಮ್ಮ ಸರ್ವರ್ ತಲುಪ್ತು ಅಂತ ಹೇಳಿಬಿಟ್ಟಿದೆ. ಕಳಿಸಿದೋರು ನೀವು ಓದಿದ್ದೀರಿ ಅಂದ್ಕೊಂಡು ಕೂತಿರ್ತಾರೆ. ನಿಮಗೆ ಅದು ಬಂದಿತ್ತು ಅಂತ್ಲೇ ಗೊತ್ತಿರಲ್ಲ. ಲಾಗ್‌ಗಳು ಬೇರೆ ಡಿಸ್ಕಲ್ಲಿ ಉಳಿದಿವೆ. ಅವನ್ನ ಈ ನಕಲಿನ ಮೇಲೆ ಸಾಲಾಗಿ ಓದಿಸಿದ್ರೆ ಬೆಳಗಿಂದೂ ಸಿಗುತ್ತೆ. ಸ್ವಲ್ಪ ಹೊತ್ತು ಕೊಡಿ."

ಕಪ್ತಾನರು ಮುಖ್ಯಸ್ಥರ ಕಡೆ ತಿರುಗಿದರು.

"ಅವರು ಹೇಳಿದ ಹಾಗೇ ಆಗ್ಲಿ," ಅಂದರು ಮುಖ್ಯಸ್ಥರು. "ಉಬ್ಬರಕ್ಕೆ ಇನ್ನೂ ಹೊತ್ತಿದೆಯಲ್ಲ."

ಲಾಗ್‌ಗಳು ಒಂದರ ಹಿಂದೆ ಒಂದು ಓದಿಸಿಕೊಂಡು ಹೋದವು. ಕೊನೆಯದು ಮಾತ್ರ ತೆರೆಯಲಿಲ್ಲ. ಮುಖ್ಯಸ್ಥರ ಮುಖ ಸಪ್ಪಗಾಯಿತು. ಅವಳಿಗೆ ಮಾತ್ರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇದನ್ನೇ ನೋಡಿದ ನೆನಪಿತ್ತು. ಸತ್ತುಬಿದ್ದ ಮೇಲ್ ಪ್ರೋಗ್ರಾಮಿನ ಒಂದು ತುಣುಕು ಆ ಲಾಗನ್ನು ಇನ್ನೂ ಹಿಡಿದುಕೊಂಡೇ ಇತ್ತು. ಅದನ್ನು ಹುಡುಕಿ ನಿಲ್ಲಿಸಿದಳು. ಲಾಗ್ ತೆರೆದುಕೊಂಡಿತು. ಡೇಟಾಬೇಸಿನ ಪರೀಕ್ಷೆ ಪೂರ್ತಿಯಾಗಿ ಮುಗಿಯುವವರೆಗೆ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮುಗಿದ ಮೇಲೆ ಹೊಸ ಮೇಲ್‌ಪೆಟ್ಟಿಗೆಗಳಿಗೆ ಬಂದು ಸೇರಿದ್ದನ್ನು ಹಳೆಯದರ ಜೊತೆ ಕೂಡಿಸಿ, "ನೋಡ್ಕೊಳ್ಳಿ ಸರ್," ಅಂದಳು.

ಕಪ್ತಾನರು ಅಲ್ಲೇ ನಿಂತು ಓದತೊಡಗಿದರು. ಓದುತ್ತಾ ಓದುತ್ತಾ ಒಂದು ಮೇಲ್‌ನ ಹತ್ತಿರ ಬೆರಳು ನಿಂತಿತು. ಅದು ದೂರದ ಒಂದು ಗೋದಾಮಿನಿಂದ ಆ ದಿನ ಬೆಳಿಗ್ಗೆಯೇ ಬಂದಿತ್ತು, ಯಾರೂ ತೆರೆದಿರಲಿಲ್ಲ. ಇವತ್ತು ಮಧ್ಯಾಹ್ನ ನಿಮ್ಮಲ್ಲಿಗೆ ಬರುವ ಹಡಗಿನ ಒಂದು ಕಂಟೇನರ್‌ಗೆ ತಪ್ಪು ಚೀಟಿ ಅಂಟಿಸಿದ್ದೇವೆ. ಯಂತ್ರದ ಬಿಡಿಭಾಗ ಅಂತ ಬರೆದಿರುವುದರೊಳಗೆ ಬಿಸಿಲಿಗೆ ಕಾದರೆ ಹೊತ್ತಿಕೊಳ್ಳುವ ರಾಸಾಯನಿಕವಿದೆ, ದಯವಿಟ್ಟು ಎಚ್ಚರ, ಅಂತ ಬರೆದಿದ್ದರು.

ಕಪ್ತಾನರು ದಡದಡ ಇಳಿದು ಹೋದರು. ಹಡಗನ್ನು ಜನ ಕಿಕ್ಕಿರಿದ ಕಟ್ಟೆಗೆ ಬಿಡದೆ ಆಚೆಯ ತುದಿಯ ಖಾಲಿ ಕಟ್ಟೆಗೆ ತಿರುಗಿಸಿದರು. ಅಗ್ನಿಶಾಮಕದವರು ಮೊದಲೇ ಹೋಗಿ ನಿಂತರು. ಆ ಕಂಟೇನರಿನ ತಗಡು ಕೈ ಇಡಲಾಗದಷ್ಟು ಕಾದಿತ್ತಂತೆ. ನೀರು ಹಾಯಿಸಿ ತಣಿಸಿ, ಒಂಟಿಯಾಗಿ ಇಳಿಸಿ, ನೆರಳಿಗೆ ಸಾಗಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ.

ಸಂಜೆ ಕಪ್ತಾನರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಹಡಗು ಬರ್ಬೇಕಿದ್ದ ಆ ಕಟ್ಟೆ ಮೇಲೆ ಮಧ್ಯಾಹ್ನ ಎಷ್ಟು ಜನ ಇರ್ತಾರೆ ಗೊತ್ತಾಮ್ಮ?"

"ಗೊತ್ತು ಸರ್. ನಮ್ಮಪ್ಪ ಟಗ್ ನಡೆಸ್ತಿದ್ದಾಗ ನಾನು ಊಟ ತಗೊಂಡು ಅಲ್ಲಿಗೇ ಹೋಗ್ತಿದ್ದೆ."

ಅವರು ತಲೆಯಾಡಿಸಿದರು. "ಇನ್ನೊಂದ್ಸಲ ನೀವು ಹೊತ್ತು ಬೇಕು ಅಂದ್ರೆ ನಾನು ಯಾಕೆ ಅಂತ ಕೇಳಲ್ಲ," ಅಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಅವಳು ತನ್ನ ಖುರ್ಚಿಗೆ ಹಿಂತಿರುಗಿ ಆ ರಾತ್ರಿಯ ನಕಲಿಗೆ ಸಿದ್ಧತೆ ಮಾಡತೊಡಗಿದಳು. ಕಿಟಕಿಯಾಚೆ ಕ್ರೇನುಗಳು ಎಂದಿನ ಹಾಗೆ ಎತ್ತುತ್ತಿದ್ದವು, ಇಳಿಸುತ್ತಿದ್ದವು. ಹೆಮ್ಮೆ ಅನ್ನುವುದು ಇಷ್ಟು ಸದ್ದಿಲ್ಲದೆ ಬರುತ್ತದೆ ಅಂತ ಅವಳಿಗೆ ಅಂದೇ ತಿಳಿದದ್ದು.

ಮುಂದಿನ ತಿಂಗಳ ಪರೀಕ್ಷೆಗೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಲು ಜಾಗ ಸಾಲಲಿಲ್ಲ. ಕೊಡೆಯ ಜೋಕು ಹೇಳುತ್ತಿದ್ದವರೂ ತಮ್ಮ ವಿಭಾಗದ ಡೇಟಾಬೇಸಿಗೆ ಹೇಗೆ ಮಾಡುವುದು ಅಂತ ಕೇಳಿಕೊಂಡು ಬಂದಿದ್ದರು. ಮುಖ್ಯಸ್ಥರು ಆ ಪರೀಕ್ಷೆಯನ್ನು ಇಡೀ ಕಚೇರಿಗೇ ಕಡ್ಡಾಯ ಮಾಡಿದರು, ಅದನ್ನು ಕಲಿಸುವ ಹೊಣೆಯನ್ನು ಅವಳಿಗೆ ವಹಿಸಿದರು.

ಹಡಗು ತಿರುಗಿಸಿದ ದಿನವೇ, ಅವಳು ಮನೆ ಮುಟ್ಟುವ ಮೊದಲೇ, ಅಪ್ಪನಿಗೆ ಸುದ್ದಿ ಮುಟ್ಟಿತ್ತು. ಟಗ್ಗಿನವರ ಕಿವಿ ಬಲು ಚುರುಕು. ಆ ವಾರವೆಲ್ಲ ಅವನ ಹಳೆಯ ಸಂಗಾತಿಗಳು ಚಹಾದ ನೆಪದಲ್ಲಿ ಬಂದು ಕೂತು ಕಥೆ ಕೇಳಿದರು. ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ಅಪ್ಪನ ದನಿ ಕೇಳಿಸಿತು.

"ಓಡ್ತಿರೋ ಹಡಗಿಗೆ ಹಗ್ಗ ಕಟ್ಟೋದು ನಮಗೂ ಗೊತ್ತು. ಇವಳು ನೋಡಿ, ಓಡ್ತಿರೋ ಹಡಗಿನ ಪಕ್ಕದಲ್ಲೇ ಇನ್ನೊಂದು ಹಡಗು ಕಟ್ತಾಳೆ. ಅದು ಮುಳುಗಿದ್ರೆ ಇದು, ಅಷ್ಟೇ. ಜನ ಎಲ್ಲಿ ಕೂತಿದ್ರೋ ಅಲ್ಲೇ ಕೂತಿರ್ತಾರೆ."

"ಲಾಗ್ ಕಥೆ ಹೇಳೋದು ಬಿಟ್ರಿ ಅಪ್ಪ," ಅಂದಳು ಬಾಗಿಲಲ್ಲಿ ನಿಂತು.

"ಬಾ, ಅದನ್ನ ನೀನೇ ಹೇಳು," ಅಂತ ಅಪ್ಪ ಬೆಂಚಿನ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.