ಎಡಗೈ ಹೆಬ್ಬೆಟ್ಟು

ಬಾವಿ ತೋಡುವ ರೈತರಿಗೆ ಅರ್ಧ ಖರ್ಚನ್ನು ಸರ್ಕಾರವೇ ಕೊಡುತ್ತದೆ, ಹಿಂತಿರುಗಿಸಬೇಕಾಗಿಲ್ಲ ಎಂಬ ಸುದ್ದಿ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಂದಾಗ ಹಾರನಹಳ್ಳಿ ಸುತ್ತಿನಲ್ಲಿ ಯಾರೂ ನಂಬಲಿಲ್ಲ. ನನ್ನ ಅಣ್ಣ ನಂಬಿದ. ಅಥವಾ ಅತ್ತಿಗೆ ನಂಬಿ, ಅವನನ್ನು ನಂಬಿಸಿದಳು. ನಮ್ಮ ಮನೆಯ ಯಾವ ತೀರ್ಮಾನ ಯಾರಲ್ಲಿ ಹುಟ್ಟಿತೆಂದು ಖಚಿತವಾಗಿ ಹೇಳುವ ಧೈರ್ಯ ನನಗಿಲ್ಲ.

ಬಾವಿಯಲ್ಲಿ ನೀರೇನೋ ಬಂತು. ಆದರೆ ಮಣ್ಣು ಸಡಿಲ. ಮುಂಗಾರಿಗೆ ಮುಂಚೆ ಒಳಸುತ್ತಿಗೆ ಕಲ್ಲು ಕಟ್ಟದಿದ್ದರೆ ಎಲ್ಲ ಕುಸಿದು, ಆರು ತಿಂಗಳ ದುಡಿಮೆ ಮುಚ್ಚಿಹೋಗುತ್ತಿತ್ತು. ಕಲ್ಲು ಕಟ್ಟುವವರು ಮುಂಗಡವಿಲ್ಲದೆ ಬರುವುದಿಲ್ಲ ಎಂದಿದ್ದರು. ಸರ್ಕಾರದ ಹಣ ಬಂದಿದೆ ಎಂದು ತಿಳಿದ ಮರುದಿನವೇ ನಾವು ಮೂವರು ಗಾಡಿ ಕಟ್ಟಿಕೊಂಡು ಪಿರಿಯಾಪಟ್ಟಣದ ಕಚೇರಿಗೆ ಹೋದೆವು. ಓದು ಬರುತ್ತದೆಂದು ನನ್ನನ್ನು ಕರೆದುಕೊಂಡರು. ಅತ್ತಿಗೆ ಯಾಕೆ ಹೊರಟಳೆಂದು ಯಾರೂ ಕೇಳಲಿಲ್ಲ.

ಗುಮಾಸ್ತ ರಸೀತಿ ಮುಂದಿಟ್ಟ. ಅಣ್ಣ ಬಲಗೈ ಚಾಚಿದ.

"ಎಡಗೈ ಹೆಬ್ಬೆಟ್ಟು ಒತ್ತಿ, ಗೌಡರೇ."

"ಎಡಗೈಲಿ ಈಸ್ಕೊಂಡದ್ದು ದಕ್ಕಾಕಿಲ್ಲ ಸ್ವಾಮಿ."

"ಅರ್ಜಿಗೆ ಎಡಗೈಯೇ ಒತ್ತಿದ್ದೀರಲ್ಲ?"

"ಅದು ನಾ ಕೊಟ್ಟ ಕಾಗ್ದ. ಇದು ಮನೆಗೆ ಲಕ್ಷ್ಮಿ ಬರಾದು."

"ಹಾಗಾದರೆ ಸರ್ಕಾರಕ್ಕೆ ಎಡಗೈಲಿ ಕೊಟ್ಟರೆ ನಡೆಯುತ್ತೆ ಅನ್ನಿ," ಎಂದು ಗುಮಾಸ್ತ ನಕ್ಕ. ಆಮೇಲೆ ನಗು ಬಿಟ್ಟು, ಅರ್ಜಿಯ ಗುರುತೂ ರಸೀತಿಯ ಗುರುತೂ ಒಂದೇ ಆಗಿರದಿದ್ದರೆ ಹಣ ಖಜಾನೆಗೆ ವಾಪಸು ಹೋಗುತ್ತದೆ ಎಂದ.

ಹೆಬ್ಬೆಟ್ಟು ಬರೀ ಗುರುತು, ಹಣವನ್ನು ಬಲಗೈಯಲ್ಲೇ ತೆಗೆದುಕೊಳ್ಳಬಹುದು ಎಂದು ನಾನು ವಿವರಿಸಹೋದೆ. "ಓದಿ ಓದಿ ಎಡ ಯಾವ್ದು ಬಲ ಯಾವ್ದು ಅನ್ನಾದೇ ಮರ್ತೋಯ್ತೇನ್ಲಾ ನಿಂಗೆ?" ಎಂದ ಅಣ್ಣ.

ಆಗ ಹೊರಗೆ ಗುಡುಗಿತು ಎಂದು ಬರೆಯಲು ಕೈ ಹೋಗುತ್ತದೆ. ಗುಡುಗಲಿಲ್ಲ. ಬಿಸಿಲಿತ್ತು. ಗುಮಾಸ್ತ ಊಟಕ್ಕೆ ಹೊರಡಲು ಕೊಡೆ ಹುಡುಕುತ್ತಿದ್ದ.

ಬಾಗಿಲ ಹೊರಗೆ ನಿಂತಿದ್ದ ಅತ್ತಿಗೆ ಅಲ್ಲಿಂದಲೇ ಕೇಳಿದಳು: "ಉಳೋವಾಗ ಬಾರುಕೋಲು ಯಾವ ಕೈಲಿರ್ತದೆ?"

"ಬಲಗೈಲಿ."

"ನೇಗಿಲ ಮೇಳಿ?"

ಅಣ್ಣನ ಎಡಗೈ ತಾನಾಗಿ ನೇಗಿಲ ಹಿಡಿಯನ್ನು ಹಿಡಿದಂತೆ ಮಡಚಿಕೊಂಡಿತು.

"ಎಡಗೈಲಿ ಮೇಳಿ ಇಡ್ಕೊಂಡೇ ಅಲ್ವಾ ಭೂಮ್ತಾಯಿನ ಕೇಳಾದು? ಎಡಗೈ ಅಂತ ಅವ್ಳು ಒಂದಿನಾನಾದ್ರೂ ಕೊಡಾಕಿಲ್ಲ ಅಂದ್ಲಾ?"

ಅಣ್ಣ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ, ಕಾಗದ ಹರಿಯುವಷ್ಟು ಬಲವಾಗಿ ಒತ್ತಿದ. ನೋಟುಗಳನ್ನು ಬಲಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ, ಅತ್ತಿಗೆಯ ಸೆರಗಿಗೆ ಹಾಕಿದ.

ಹಿಂತಿರುಗುವ ದಾರಿಯಲ್ಲಿ ಎದುರು ಸಿಕ್ಕ ಊರಿನವನಿಗೆ ಗಾಡಿ ನಿಲ್ಲಿಸಿ ಹೇಳಿದ: "ಎಡಗೈ ಅಂದ್ರೆ ಮೇಳಿ ಇಡಿಯಾ ಕೈ ಕಣ್ಲಾ. ಅದ್ರಲ್ಲಿ ತಪ್ಪೇನದೆ? ನಾನೇ ಗುಮಾಸ್ತಂಗೆ ಯೋಳ್ದೆ."

"ಊ ಕಣಣ್ಣ, ನಮ್ಮೋರು ಬಾಳ ತಿಳ್ದೋರು," ಎಂದಳು ಅತ್ತಿಗೆ.

ಮೂರೇ ವಾರದಲ್ಲಿ ಕಲ್ಲು ನೆಲದ ಮಟ್ಟಕ್ಕೆ ಬಂತು. ಮೂರೋ, ಐದೋ, ಮಳೆಗೆ ಮುಂಚೆ ಎಂಬುದಷ್ಟೇ ಖಂಡಿತ. ಮೊದಲ ದೊಡ್ಡ ಮಳೆಯಲ್ಲಿ ಅಣ್ಣ ಗೋಣಿಚೀಲದ ಕೊಪ್ಪೆ ಹೊದ್ದು ಬಾವಿಯ ಪಕ್ಕ ಕುಳಿತು ಒಳಗೆ ಇಣುಕುತ್ತಲೇ ಇದ್ದ. ಒಂದು ಹಿಡಿ ಮಣ್ಣೂ ಜಾರಲಿಲ್ಲ. ಮುದ್ದೆ ಆರುತ್ತದೆಂದು ಅತ್ತಿಗೆ ಎರಡು ಸಲ ಕರೆದರೂ ಅವನು ಏಳಲಿಲ್ಲ.